ನಯವಂಚಕರ ಜಾಣತನದ ಬಗ್ಗೆ ಒಂದು ಅನುಮಾನ

ವಿಜಯವಾಡದ ಬೆಂಜ್ ಸರ್ಕಲ್‌ನಲ್ಲಿ ಎರಡು ದೊಡ್ಡ ಹೆದ್ದಾರಿಗಳು ಕೂಡುತ್ತವೆ. ಒಂದು ಚೆನ್ನೈ-ಕೋಲ್ಕತ್ತಾ ಮಾರ್ಗದ 16ನೇ ಹೆದ್ದಾರಿ. ಇನ್ನೊಂದು ಪುಣೆಯಿಂದ ಹೊರಟು, ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಕಡೆಯಿಂದ ಹಾದು, ಹೈದರಾಬಾದ್ ದಾಟಿ ಮಚಲೀಪಟ್ಟಣ ಸೇರುವ 65ನೇ ಹೆದ್ದಾರಿ. ಈ ವೃತ್ತದಿಂದ ದಕ್ಷಿಣಕ್ಕೆ ಹೊರಟು, ಕೃಷ್ಣಾ ನದಿ ದಾಟಿ, ಗುಂಟೂರಿನ ದಾರಿ ಹಿಡಿದರೆ ಚಿನ್ನಕಾಕಾನಿ ಬಳಿ ಹಾಯ್‌ಲ್ಯಾಂಡ್ ಎಂಬ ಮನರಂಜನಾ ಉದ್ಯಾನ ಸಿಗುತ್ತದೆ. ಬೌದ್ಧ ವಾಸ್ತುಶೈಲಿಯನ್ನು ಅನುಸರಿಸಿ ಕಟ್ಟಿದ ಜಾಗ. ಬುದ್ಧನ ಹೆಸರಿನಲ್ಲಿ ಜನರನ್ನು ಸ್ವಾಗತಿಸುತ್ತಿದ್ದ ಈ ಉದ್ಯಾನ ಅಗ್ರಿಗೋಲ್ಡ್ ಸಮೂಹದ ಆಸ್ತಿಯಾಗಿತ್ತು.

ಅಗ್ರಿಗೋಲ್ಡ್ ವಿಜಯವಾಡವನ್ನು ಕೇಂದ್ರವಾಗಿಟ್ಟುಕೊಂಡು 1995ರಲ್ಲಿ ಹುಟ್ಟಿದ ಕಂಪನಿ. ತಿಂಗಳಿಗಿಷ್ಟು ಕಟ್ಟಿ, ಅವಧಿ ಮುಗಿದ ಮೇಲೆ ನಿವೇಶನವನ್ನೋ ಹೆಚ್ಚಿನ ಬಡ್ಡಿ ಸೇರಿಸಿದ ಹಣವನ್ನೋ ಪಡೆಯಿರಿ ಎಂಬುದು ಅದರ ಮಾತು. 2014-15ರ ಹೊತ್ತಿಗೆ ಮಾತು ಮುರಿಯಿತು. ಸುಮಾರು 32 ಲಕ್ಷ ಠೇವಣಿಗಳು, 6,380 ಕೋಟಿ ರೂಪಾಯಿ ಎಂದು ಜಾರಿ ನಿರ್ದೇಶನಾಲಯ ಲೆಕ್ಕ ಕೊಟ್ಟಿತು. ಕಟ್ಟಿದವರು ಆಂಧ್ರ, ತೆಲಂಗಾಣದವರಷ್ಟೇ ಅಲ್ಲ, ಕರ್ನಾಟಕದವರೂ ದೊಡ್ಡ ಸಂಖ್ಯೆಯಲ್ಲಿದ್ದರು. ದಿನಗೂಲಿಯವರು, ಮಗಳ ಮದುವೆಗೆಂದು ಕೂಡಿಡುವವರು, ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುವವರು. 2019 ಮತ್ತು 2021ರಲ್ಲಿ ಆಂಧ್ರ ಸರ್ಕಾರ ಮೊದಲು 10,000, ಬಳಿಕ 20,000 ರೂಪಾಯಿಗಿಂತ ಕಡಿಮೆ ಕಟ್ಟಿದ್ದ ತನ್ನ ರಾಜ್ಯದ ಸಣ್ಣ ಠೇವಣಿದಾರರಿಗೆ ಖಜಾನೆಯಿಂದ ಹಣ ಕೊಟ್ಟಿತು. ಅಂಥವರೇ ಲಕ್ಷಗಟ್ಟಲೆ ಇದ್ದರು ಎಂಬುದರಿಂದಲೇ ಕಟ್ಟಿದವರ ಆರ್ಥಿಕ ಸ್ಥಿತಿ ಊಹಿಸಬಹುದು.

ಇಂಥ ಪ್ರಕರಣ ಬಯಲಾದಾಗಲೆಲ್ಲ ಜನ ಒಂದೇ ವಿವರಣೆ ಕೊಡುತ್ತಾರೆ. ಮೋಸ ಮಾಡಿದವನು ಮಹಾ ಚಾಣಾಕ್ಷ, ಎದುರಿಗಿದ್ದವರ ಮನಸ್ಸನ್ನು ಪುಸ್ತಕ ಓದಿದ ಹಾಗೆ ಓದಿಬಿಡುತ್ತಿದ್ದ, ಮಾತಿನಲ್ಲೇ ಮರುಳು ಮಾಡಿದ. ಸಿನಿಮಾಗಳೂ ವೆಬ್ ಸರಣಿಗಳೂ ಈ ನಂಬಿಕೆಗೆ ನೀರೆರೆಯುತ್ತವೆ. ಒಳಗೆ ಕ್ರೂರಿ, ಹೊರಗೆ ಮೋಹಕ, ಬುದ್ಧಿಯಲ್ಲಿ ಎಲ್ಲರಿಗಿಂತ ಒಂದು ಮೆಟ್ಟಿಲು ಮೇಲೆ. ಮೋಸ ಹೋದವರಿಗೂ ಈ ಕತೆ ಒಂದಿಷ್ಟು ಸಮಾಧಾನ ಕೊಡುತ್ತದೆ. ಅಂಥ ಮಾಯಾವಿಯ ಮುಂದೆ ತಾವೆಲ್ಲಿಯ ಲೆಕ್ಕ ಎಂದುಕೊಳ್ಳಬಹುದು. ಆದರೆ ಈ ಕತೆಗೆ ಸಾಕ್ಷ್ಯ ಬಹಳ ಕಡಿಮೆ. ಇಂಥವರ ಮೇಲೆ ಕಳೆದ ಐವತ್ತು ವರ್ಷಗಳಲ್ಲಿ ನಡೆದ ಅಧ್ಯಯನಗಳು ಹೇಳುವುದೇ ಬೇರೆ.

1970ರಲ್ಲಿ ಅಮೆರಿಕದ ರಿಚರ್ಡ್ ಕ್ರಿಸ್ಟಿ ಮತ್ತು ಫ್ಲಾರೆನ್ಸ್ ಗೀಸ್ 20 ಹೇಳಿಕೆಗಳ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಗುರಿ ಸಾಧಿಸಲು ಜನರನ್ನು ದಾಳವಾಗಿ ಬಳಸುವ ಗುಣ ಯಾರಲ್ಲಿ ಎಷ್ಟಿದೆ ಎಂದು ಅಳೆಯುವ ಸಾಧನ ಅದು. ಇಟಲಿಯ ರಾಜನೀತಿಜ್ಞ ಮೆಕಿಯಾವೆಲ್ಲಿಯ ಹೆಸರನ್ನೇ ಆ ಗುಣಕ್ಕೆ ಇಟ್ಟರು. 2002ರಲ್ಲಿ ಕೆನಡಾದ ಡೆಲ್ರಾಯ್ ಪೌಲಸ್ ಮತ್ತು ಕೆವಿನ್ ವಿಲಿಯಮ್ಸ್ ಇದರ ಜೊತೆಗೆ ಆತ್ಮರತಿ ಮತ್ತು ಸೈಕೋಪತಿಯನ್ನು ಸೇರಿಸಿ ಮೂರಕ್ಕೂ ಒಟ್ಟಾಗಿ ‘ಡಾರ್ಕ್ ಟ್ರಯಡ್’ ಎಂಬ ಹೆಸರು ಕೊಟ್ಟರು. ತನ್ನನ್ನೇ ತಾನು ಮೆಚ್ಚಿಕೊಂಡು ಇತರರಿಂದಲೂ ಅದನ್ನೇ ನಿರೀಕ್ಷಿಸುವುದು, ಲೆಕ್ಕ ಹಾಕಿ ಜನರನ್ನು ಬಳಸಿಕೊಳ್ಳುವುದು, ಹಿಂದುಮುಂದು ನೋಡದೆ ನುಗ್ಗಿ ಆಮೇಲೆ ಪಶ್ಚಾತ್ತಾಪವನ್ನೂ ಪಡದಿರುವುದು. ಇವೆಲ್ಲ ಬಹುಪಾಲು ಜನರಲ್ಲಿ ಅಷ್ಟೋ ಇಷ್ಟೋ ಇರುವ ಗುಣಗಳು. ಕೆಲವರಲ್ಲಿ ಮಾತ್ರ ವಿಪರೀತ.

ಹಾಗಾದರೆ ಈ ಗುಣಗಳು ಹೆಚ್ಚಿರುವವರು ಇತರರ ಭಾವನೆಗಳನ್ನು ಹೆಚ್ಚು ಚೆನ್ನಾಗಿ ಗ್ರಹಿಸುತ್ತಾರೆಯೆ? ಹತ್ತಾರು ಅಧ್ಯಯನಗಳ ಫಲಿತಾಂಶವನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಉತ್ತರ ನೇರವಾಗಿದೆ. ಮೆಕಿಯಾವೆಲ್ಲಿಯ ಗುಣವೂ ಸೈಕೋಪತಿಯೂ ಹೆಚ್ಚಿದಷ್ಟು ಭಾವನಾತ್ಮಕ ಬುದ್ಧಿಮತ್ತೆ ಕಡಿಮೆ. ಆತ್ಮರತಿಗೂ ಅದಕ್ಕೂ ಹೇಳಿಕೊಳ್ಳುವಂಥ ನಂಟಿಲ್ಲ. ಅಂದರೆ ಮನಸ್ಸು ಓದುವ ಪರೀಕ್ಷೆಯಲ್ಲಿ ಈ ಮಾಯಾವಿಗಳು ಸರಾಸರಿ ಮನುಷ್ಯನಿಗಿಂತ ಮುಂದಿಲ್ಲ, ಹಲವು ಬಾರಿ ಹಿಂದೆಯೇ ಇದ್ದಾರೆ. ಒಂದು ಅಪವಾದವನ್ನು ಹೇಳಲೇಬೇಕು. ಭಾವನೆಗಳನ್ನು ನಿಭಾಯಿಸುವ ಜ್ಞಾನ ಯಾರದೋ ಕೆಟ್ಟ ಕೈಗೆ ಸಿಕ್ಕರೆ ಅಪಾಯ ಹೆಚ್ಚುತ್ತದೆ ಎಂದು ಟೊರಾಂಟೊದ ಸ್ಟೆಫಾನ್ ಕೋಟೆ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. ಜನರನ್ನು ಬಳಸಿಕೊಳ್ಳುವ ಸ್ವಭಾವದ ಜೊತೆಗೆ ಈ ಜ್ಞಾನವೂ ಇದ್ದವರು ಸಹೋದ್ಯೋಗಿಗಳಿಗೆ ಹೆಚ್ಚು ಕಿರುಕುಳ ಕೊಡುತ್ತಿದ್ದರು. ಅದೇ ಜ್ಞಾನ ಸಜ್ಜನರಲ್ಲಿದ್ದಾಗ ಪರೋಪಕಾರವಾಗಿ ಹೊಮ್ಮುತ್ತಿತ್ತು. ಕೌಶಲ ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಇದನ್ನು ಒಪ್ಪಿಕೊಂಡ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಸರಾಸರಿಗಿಂತ ಕಡಿಮೆ ಗ್ರಹಿಕೆ ಇರುವವರು ಇಷ್ಟೊಂದು ಜನರನ್ನು ಹೇಗೆ ಬೀಳಿಸುತ್ತಾರೆ?

ಅರ್ಧ ಉತ್ತರ ಕಾಲದಲ್ಲಿದೆ. ಪೌಲಸ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಪರಿಚಿತ ವಿದ್ಯಾರ್ಥಿಗಳ ಗುಂಪುಗಳನ್ನು ವಾರಕ್ಕೊಮ್ಮೆಯಂತೆ ಏಳು ಸಲ ಸೇರಿಸಿ ಚರ್ಚೆ ಮಾಡಿಸಲಾಯಿತು. ತಮ್ಮನ್ನು ತಾವೇ ಹೊಗಳಿಕೊಳ್ಳುವ ಸ್ವಭಾವದವರು ಮೊದಲ ಭೇಟಿಯಲ್ಲಿ ಎಲ್ಲರಿಗೂ ಹಿಡಿಸಿದರು. ಆತ್ಮವಿಶ್ವಾಸ, ಲವಲವಿಕೆ, ಜಾಣತನ ಎಲ್ಲ ಕಂಡಿತು. ಏಳನೆಯ ಭೇಟಿಯ ಹೊತ್ತಿಗೆ ಅವರೇ ಬಡಾಯಿಕೋರರು, ಜಗಳಗಂಟರು ಅನ್ನಿಸಿಕೊಂಡಿದ್ದರು. 2010ರಲ್ಲಿ ಜರ್ಮನಿಯ ಮಿತ್ಯಾ ಬಾಕ್ ಮತ್ತು ಸಂಗಡಿಗರು ಮೊದಲ ಭೇಟಿಯ ಮೋಡಿಗೆ ಕಾರಣವೇನೆಂದು ಹುಡುಕಿದಾಗ ಸಿಕ್ಕಿದ್ದು ತೀರಾ ಸಾಮಾನ್ಯ ಸಂಗತಿಗಳು: ಠೀವಿಯ ಉಡುಪು, ಹಸನ್ಮುಖ, ಅಳುಕಿಲ್ಲದ ನಡಿಗೆ, ಸಮಯಕ್ಕೊಂದು ಹಾಸ್ಯ. ಅದರಲ್ಲಿ ಮನಸ್ಸು ಓದುವ ಮಾತೇ ಇಲ್ಲ. ಯಾರ ಮುಂದೆ ನಿಂತರೂ ಅವರು ತೋರಿಸುವುದು ಒಂದೇ ಪ್ರದರ್ಶನ. ಮೊದಲ ಸಲ ನೋಡುವವರಿಗೆ ಅದು ಚೆನ್ನಾಗಿ ಕಾಣುತ್ತದೆ.

ಕಚೇರಿಗಳಲ್ಲೂ ಇದೇ ಚಿತ್ರ. ಪಾಲ್ ಬಾಬಿಯಾಕ್, ಕ್ರೇಗ್ ನ್ಯೂಮನ್ ಮತ್ತು ರಾಬರ್ಟ್ ಹೇರ್ 2010ರಲ್ಲಿ 203 ಮಂದಿ ಕಾರ್ಪೊರೇಟ್ ನೌಕರರ ಅಧ್ಯಯನ ಪ್ರಕಟಿಸಿದರು. ಹೇರ್ ಸಾಮಾನ್ಯ ಹೆಸರಲ್ಲ. ಸೈಕೋಪತಿಯನ್ನು ಅಳೆಯಲು ಜಗತ್ತಿನ ಕಾರಾಗೃಹಗಳಲ್ಲಿ ಬಳಸುವ 20 ಅಂಶಗಳ ಪಟ್ಟಿ ಅವರದೇ, ಮತ್ತು ಅದರ ಮೊದಲ ಅಂಶವೇ ಮೇಲುಮೇಲಿನ ಮೋಹಕತೆ. ಸೈಕೋಪತಿಯ ಅಂಕ ಹೆಚ್ಚಿದ್ದ ನೌಕರರಿಗೆ ಕಂಪನಿಗಳು ಮಾತುಗಾರಿಕೆ, ವರ್ಚಸ್ಸು, ದೂರದೃಷ್ಟಿಯಲ್ಲಿ ಒಳ್ಳೆಯ ಅಂಕ ಕೊಟ್ಟಿದ್ದವು. ಅದೇ ಜನ ತಂಡದಲ್ಲಿ ಹೊಂದಿಕೊಂಡು ಕೆಲಸ ಮಾಡುವುದರಲ್ಲಿ, ಕೈಕೆಳಗಿನವರನ್ನು ನಡೆಸುವುದರಲ್ಲಿ, ಒಟ್ಟಾರೆ ಸಾಧನೆಯಲ್ಲಿ ಹಿಂದೆ ಬಿದ್ದಿದ್ದರು. ಅಂಕ ಕೊಟ್ಟ ಸಂಸ್ಥೆಗಳೂ ಅವೇ, ಅಂಕ ಪಡೆದವರೂ ಅವರೇ. ಆದರೂ ಮೊದಲನೆಯದು ಎರಡನೆಯದನ್ನು ಮರೆಮಾಚಿತ್ತು. ಬೆಂಗಳೂರಿನ ಯಾವ ಟೆಕ್ ಪಾರ್ಕಿನಲ್ಲಿ ಈ ಅಧ್ಯಯನವನ್ನು ಓದಿ ಹೇಳಿದರೂ ಊಟದ ಮೇಜಿನಲ್ಲಿ ಇಬ್ಬರಾದರೂ ತಮ್ಮ ಮ್ಯಾನೇಜರನ್ನು ನೆನೆದು ನಕ್ಕಾರು.

ಇನ್ನರ್ಧ ಉತ್ತರ ಕಡ ತಂದ ನಂಬಿಕೆಯಲ್ಲಿದೆ. ಅದಕ್ಕೆ ಮತ್ತೆ ಅಗ್ರಿಗೋಲ್ಡ್‌ಗೆ ಬರಬೇಕು. ಆ ಪ್ರಕರಣದಲ್ಲಿ ಯಾರ ಮನಸ್ಸು ಎಂಥದ್ದು ಎಂದು ದೂರದಿಂದ ಹೇಳುವುದು ತಪ್ಪು. ಅದು ವೈದ್ಯರ ಕೆಲಸ, ಅಪರಾಧ ನಿರ್ಧರಿಸುವುದು ನ್ಯಾಯಾಲಯದ ಕೆಲಸ. ಹಣ ಹೇಗೆ ಬಂತು ಎಂಬುದಂತೂ ಗುಟ್ಟಲ್ಲ. ಠೇವಣಿದಾರರಲ್ಲಿ ಬಹುತೇಕರು ಕಂಪನಿಯ ಮಾಲೀಕರ ಮುಖವನ್ನೇ ನೋಡಿದವರಲ್ಲ. ಅವರ ಬಾಗಿಲಿಗೆ ಬಂದದ್ದು ಕಮಿಷನ್ ಏಜೆಂಟರು. ಅಂಥ ಸಾವಿರಾರು ಏಜೆಂಟರು ಹಳ್ಳಿಹಳ್ಳಿಯಲ್ಲಿದ್ದರು. ಅವರಾದರೋ ಸೋದರಮಾವ, ಪಕ್ಕದ ಬೀದಿಯ ಅಂಗಡಿಯವರು, ಸ್ತ್ರೀಶಕ್ತಿ ಸಂಘದ ಅಕ್ಕ, ಮಗನಿಗೆ ಪಾಠ ಹೇಳಿದ ಮೇಷ್ಟ್ರು ಇಂಥವರೇ. ಯಾರ ಮನೆಯಲ್ಲಿ ಮದುವೆ ಬಂದಿದೆ, ಯಾರಿಗೆ ಬೆಳೆ ಮಾರಿದ ದುಡ್ಡು ಬಂದಿದೆ, ಯಾರಿಗೆ ಗಂಡನ ಕುಡಿತಕ್ಕೆ ಸಿಗದ ಹಾಗೆ ನಾಲ್ಕು ಕಾಸು ಬಚ್ಚಿಡಬೇಕಾಗಿದೆ ಎಂಬುದು ಅವರಿಗೆ ಗೊತ್ತಿತ್ತು. ಆ ತಿಳಿವಳಿಕೆ ನಿಜವಾದದ್ದು, ವರ್ಷಗಳ ಒಡನಾಟದಿಂದ ಬಂದದ್ದು. ಬಹುಪಾಲು ಏಜೆಂಟರು ತಾವೂ ಯೋಜನೆಯನ್ನು ನಂಬಿದ್ದರು, ಎಷ್ಟೋ ಮಂದಿ ತಮ್ಮ ದುಡ್ಡನ್ನೂ ಹಾಕಿದ್ದರು. ಕಂಪನಿ ಕುಸಿದಾಗ ಊರಿನಲ್ಲಿ ತಲೆ ಎತ್ತಿ ತಿರುಗಲಾಗದೆ ಹೋದವರೂ ಅವರೇ. ಠೇವಣಿದಾರರ ಜೊತೆ ಏಜೆಂಟರೂ ಆತ್ಮಹತ್ಯೆ ಮಾಡಿಕೊಂಡ ವರದಿಗಳು ಬಂದವು. ಮನಸ್ಸು ಓದಿದವರು ಸಜ್ಜನರು. ಆ ಓದಿನ ಲಾಭ ಬೇರೆಲ್ಲೋ ಜಮೆಯಾಯಿತು.

ಬೆಂಗಳೂರಿನ ಐಎಂಎ ಪ್ರಕರಣವೂ ಇದೇ ಜಾಡಿನದು. 2019ರ ಜೂನ್‌ನಲ್ಲಿ ಕಂಪನಿಯ ಮುಖ್ಯಸ್ಥ ದೇಶ ಬಿಟ್ಟ ಮೇಲೆ ಶಿವಾಜಿನಗರದ ಕಚೇರಿಯ ಮುಂದೆ, ದೂರು ಸ್ವೀಕರಿಸುವ ಸ್ಥಳಗಳಲ್ಲಿ ಸಾಲುಗಟ್ಟಿದವರು ಹತ್ತಾರು ಸಾವಿರ. ಬಡ್ಡಿ ನಿಷಿದ್ಧವೆಂದು ಬ್ಯಾಂಕಿನಿಂದ ದೂರ ಉಳಿದ ಜನರಿಗೆ ಧರ್ಮಕ್ಕೆ ಒಪ್ಪುವ ಲಾಭ ಎಂದು ಹೇಳಲಾಗಿತ್ತು. ಅಲ್ಲಿ ಕಡ ತಂದದ್ದು ದೇವರ ಮೇಲಿನ ನಂಬಿಕೆಯನ್ನು.

ವಿಜಯವಾಡವೇ 2015ರ ಡಿಸೆಂಬರ್‌ನಲ್ಲಿ ಇನ್ನೊಂದು ಬಗೆಯ ಸುದ್ದಿಯಿಂದ ತತ್ತರಿಸಿತ್ತು. ‘ಕಾಲ್ ಮನಿ’ ಎಂಬ ಹೆಸರಿನ ಸಾಲದ ದಂಧೆ ಅದು. ಕರೆ ಮಾಡಿ ಕೇಳಿದಾಗ ಮರುಪಾವತಿ ಮಾಡಬೇಕಾದ, ವಿಪರೀತ ಬಡ್ಡಿಯ ಕೈಸಾಲ. ಕಟ್ಟಲಾಗದ ಮಹಿಳೆಯರನ್ನು ಲೈಂಗಿಕವಾಗಿ ಶೋಷಿಸಿದ ದೂರುಗಳು ಹೊರಬಂದಾಗ ಇಡೀ ರಾಜ್ಯ ಬೆಚ್ಚಿತು. ಸಾಲ ಕೊಡುವವನಿಗೆ ಇಲ್ಲಿ ಮನಶ್ಶಾಸ್ತ್ರವೇನೂ ಬೇಕಿರಲಿಲ್ಲ. ಆಸ್ಪತ್ರೆಯ ಬಿಲ್ಲು, ಕಾಲೇಜಿನ ಫೀಸು ಮುಂದೆ ನಿಂತಿರುವ ಮನೆಯಲ್ಲಿ ಯಾರಾದರೂ ಕೈ ಚಾಚುತ್ತಾರೆ.

ಈ ವಾದಕ್ಕೆ ಅತ್ಯಂತ ಕಠೋರ ಉದಾಹರಣೆ ಕರಾವಳಿಯಲ್ಲೇ ಇದೆ. ಬಂಟ್ವಾಳ ತಾಲ್ಲೂಕಿನ ಮೋಹನ್ ಕುಮಾರ್ ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದವನು. 2003ರಿಂದ 2009ರ ನಡುವೆ ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಕಡೆಯ 20 ಯುವತಿಯರನ್ನು ಕೊಂದ ಆರೋಪ ಅವನ ಮೇಲೆ ಬಂತು. 2009ರ ಅಕ್ಟೋಬರ್‌ನಲ್ಲಿ ಸಿಕ್ಕಿಬಿದ್ದ. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲ ಪ್ರಕರಣಗಳಲ್ಲಿ ಶಿಕ್ಷೆ ವಿಧಿಸಿತು, ಇಪ್ಪತ್ತನೆಯ ಪ್ರಕರಣದ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ. ಪತ್ರಿಕೆಗಳು ಅವನನ್ನು ‘ಸೈನೈಡ್ ಮೋಹನ್’ ಎಂದು ಕರೆದವು. ಹೆಣ್ಣುಮಕ್ಕಳ ಮನಸ್ಸು ಕದಿಯುವ ಮೋಡಿಗಾರ ಎಂಬ ಬಣ್ಣನೆಯೂ ಅಂಟಿಕೊಂಡಿತು.

ಪ್ರಕರಣದ ವಿವರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಮೋಡಿ ಕಾಣುವುದಿಲ್ಲ. ಕಾಣುವುದು ಒಂದೇ ಪಾಠದ ಪುನರಾವರ್ತನೆ. ಬಡ ಮನೆಯ, ಮದುವೆಯ ವಯಸ್ಸು ಮೀರುತ್ತಿದೆ ಎಂದು ಮನೆಯವರು ಕೊರಗುವ ಹುಡುಗಿಯನ್ನು ಬಸ್ ನಿಲ್ದಾಣದಲ್ಲೋ ಕೆಲಸದ ಜಾಗದ ಬಳಿಯೋ ಪರಿಚಯ ಮಾಡಿಕೊಳ್ಳುವುದು. ಅವಳದೇ ಜಾತಿಗೆ ಹೊಂದುವ ಹೆಸರು ಹೇಳುವುದು, ಸರ್ಕಾರಿ ನೌಕರಿ ಇದೆ ಎನ್ನುವುದು. ವರದಕ್ಷಿಣೆ ಬೇಡ, ಮದುವೆಯಾಗೋಣ ಎನ್ನುವುದು. ಒಡವೆ ಹಾಕಿಕೊಂಡು ಬಾ ಎಂದು ದೂರದ ಊರಿಗೆ ಕರೆದೊಯ್ಯುವುದು. ಒಂದು ರಾತ್ರಿ ಲಾಡ್ಜ್. ಬೆಳಿಗ್ಗೆ ಒಡವೆಯನ್ನು ಕೋಣೆಯಲ್ಲೇ ಬಿಡಿಸಿ, ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಂತೆ ಇದನ್ನು ನುಂಗು ಎಂದು ಸೈನೈಡ್ ಕೊಡುವುದು. ಮಡಿಕೇರಿ, ಹಾಸನ, ಮೈಸೂರು, ಬೆಂಗಳೂರು ಎಂದು ಊರು ಬದಲಾಗುತ್ತಿತ್ತು, ಸಂಭಾಷಣೆ ಬದಲಾಗುತ್ತಿರಲಿಲ್ಲ.

ಇಪ್ಪತ್ತು ಬೇರೆಬೇರೆ ಮನಸ್ಸುಗಳನ್ನು ಅವನು ಓದಿರಲಿಲ್ಲ. ವರದಕ್ಷಿಣೆ ಎಂಬ ಒಂದೇ ಭಯವನ್ನು ಓದಿದ್ದ. ಆ ಭಯ ಸಮಾಜವೇ ದೊಡ್ಡಕ್ಷರದಲ್ಲಿ ಬರೆದಿಟ್ಟದ್ದು, ಯಾವ ದಡ್ಡನೂ ಓದಬಹುದಾದದ್ದು. ಉಳಿದ ಕೆಲಸವನ್ನು ಬೇರೆಯವರೇ ಮಾಡಿಕೊಟ್ಟರು. ಮಗಳು ಯಾರ ಜೊತೆಗೋ ಓಡಿಹೋದಳು ಎಂಬ ಅವಮಾನದಲ್ಲಿ ಎಷ್ಟೋ ಮನೆಗಳು ಠಾಣೆಗೆ ಹೋಗಲಿಲ್ಲ. ನಿಲ್ದಾಣದ ಶೌಚಾಲಯಗಳಲ್ಲಿ ಸಿಕ್ಕ ದೇಹಗಳು ಆಯಾ ಊರಿನಲ್ಲಿ ಅಪರಿಚಿತ ಮಹಿಳೆಯ ಅಸಹಜ ಸಾವು ಎಂದು ದಾಖಲಾಗಿ ಕಡತ ಸೇರಿದವು. ಒಂದು ಊರಿನ ಕಡತಕ್ಕೂ ಇನ್ನೊಂದು ಊರಿನ ಕಡತಕ್ಕೂ ಮಾತುಕತೆ ಇರಲಿಲ್ಲ. ಬರಿಮಾರಿನ ಯುವತಿಯೊಬ್ಬಳು ಕಾಣೆಯಾದಾಗ ಊರಿನ ಜನ ಬೀದಿಗಿಳಿದು ಗಲಾಟೆ ಮಾಡದೇ ಹೋಗಿದ್ದರೆ ಲೆಕ್ಕ ಇಪ್ಪತ್ತಕ್ಕೆ ನಿಲ್ಲುತ್ತಿತ್ತೆಂದು ಹೇಳಲಾಗದು. ಕೊನೆಗೆ ಅವನನ್ನು ಹಿಡಿದುಕೊಟ್ಟದ್ದು ಫೋನ್ ಕರೆಗಳ ದಾಖಲೆಯನ್ನು ಒಂದಕ್ಕೊಂದು ತಾಳೆ ಹಾಕಿದ ಪೊಲೀಸರ ಸಹನೆಯ ಕೆಲಸ. ಮುಖ ನೋಡಿ ಅವನನ್ನು ಯಾರೂ ಗುರುತಿಸಿರಲಿಲ್ಲ.

ಮುಖ ನೋಡಿ ಗುರುತಿಸುವುದು ಸಾಧ್ಯವೂ ಇಲ್ಲ. ಸುಳ್ಳು ಪತ್ತೆ ಹಚ್ಚುವ ಸಾಮರ್ಥ್ಯದ ಬಗ್ಗೆ 200ಕ್ಕೂ ಹೆಚ್ಚು ವರದಿಗಳನ್ನು ಒಟ್ಟುಗೂಡಿಸಿ ಬಾಂಡ್ ಮತ್ತು ಡಿಪೌಲೊ 2006ರಲ್ಲಿ ತೆಗೆದ ಸರಾಸರಿ ಶೇ 54. ನಾಣ್ಯ ಚಿಮ್ಮಿದರೆ ಶೇ 50 ಹೇಗೂ ಸಿಗುತ್ತದೆ. ‘ನನಗೆ ಮನುಷ್ಯರ ಮುಖ ನೋಡಿದರೆ ಗೊತ್ತಾಗುತ್ತದೆ’ ಎಂದು ಎದೆ ತಟ್ಟಿಕೊಳ್ಳುವ ಹಿರಿಯರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಮೋಸದ ಯೋಜನೆಗೆ ಮೊದಲು ಸಹಿ ಹಾಕುವವರು ಎಷ್ಟೋ ಸಲ ಅವರೇ.

ಸೈಕೋಪತಿಯಂಥ ಗುಣ ಹೆಚ್ಚಿರುವವರಲ್ಲಿ ನಿಜಕ್ಕೂ ಕೊರತೆಯಾಗಿರುವುದು ಏನು ಎಂಬ ಪ್ರಶ್ನೆ ವೈದ್ಯಲೋಕವನ್ನು ಬಹಳ ಕಾಲದಿಂದ ಕಾಡಿದೆ. ಅಮೆರಿಕದ ಮನೋವೈದ್ಯ ಹಾರ್ವೆ ಕ್ಲೆಕ್ಲಿ 1941ರಲ್ಲೇ ಇಂಥ ರೋಗಿಗಳ ಬಗ್ಗೆ ‘ದ ಮಾಸ್ಕ್ ಆಫ್ ಸ್ಯಾನಿಟಿ’ ಎಂಬ ಪುಸ್ತಕ ಬರೆದ. 2013ರಲ್ಲಿ ನೆದರ್ಲೆಂಡ್ಸ್‌ನ ಕ್ರಿಸ್ಟಿಯನ್ ಕೀಸರ್ಸ್ ತಂಡ ಸೈಕೋಪತಿ ಇರುವ ಅಪರಾಧಿಗಳ ಮೆದುಳನ್ನು ಸ್ಕ್ಯಾನ್ ಮಾಡಿತು. ಒಂದು ಕೈ ಇನ್ನೊಂದು ಕೈಯನ್ನು ಸವರುವ, ಹೊಡೆಯುವ ದೃಶ್ಯಗಳನ್ನು ತೋರಿಸಿದಾಗ ಬೇರೆಯವರ ಮೆದುಳು ತಾನಾಗಿ ಮಿಡಿಯುವಷ್ಟು ಇವರದು ಮಿಡಿಯಲಿಲ್ಲ. ಆ ಕೈಯ ನೋವನ್ನು ಅನುಭವಿಸಲು ಪ್ರಯತ್ನಿಸಿ ಎಂದು ಹೇಳಿದಾಗ ಮಾತ್ರ ವ್ಯತ್ಯಾಸ ಬಹುಮಟ್ಟಿಗೆ ಕರಗಿತು. ಅಂದರೆ ಸಾಮರ್ಥ್ಯ ಪೂರ್ತಿ ಸತ್ತಿಲ್ಲ. ಬೇಕೆಂದಾಗ ಹಾಕಿ ಬೇಡವೆಂದಾಗ ಆರಿಸುವ ಸ್ವಿಚ್ಚಿನ ಹಾಗೆ ಅದು ಕೆಲಸ ಮಾಡುತ್ತದೆ. ಉಳಿದವರಿಗೆ ಆ ಸ್ವಿಚ್ಚು ಸದಾ ಹಾಕಿಯೇ ಇರುತ್ತದೆ, ಆರಿಸಲು ಪ್ರಯಾಸಪಡಬೇಕು.

ಇದರ ತಿರುವುಮುರುವು ಚಿತ್ರವನ್ನೂ ಗಮನಿಸದಿದ್ದರೆ ಅನ್ಯಾಯವಾಗುತ್ತದೆ. ಎದುರಿನವರ ಮುಖಭಾವ, ಸೂಚ್ಯ ಮಾತು ಗ್ರಹಿಸುವುದು ಆಟಿಸಂ ಇರುವ ಅನೇಕರಿಗೆ ಕಷ್ಟ. ಆದರೆ ಒಬ್ಬರಿಗೆ ನೋವಾಗಿದೆ ಎಂದು ತಿಳಿದ ಮೇಲೆ ಅವರು ಮರುಗುವುದರಲ್ಲಿ ಕೊರತೆಯಿಲ್ಲ ಎಂದು ಬ್ರಿಟನ್ನಿನ ಸೈಮನ್ ಬ್ಯಾರನ್-ಕೋಹೆನ್ ವಿವರಿಸಿದ್ದಾರೆ. ತಿಳಿಯುವುದು ಬೇರೆ, ಕರಗುವುದು ಬೇರೆ. ಕಣ್ಣಲ್ಲಿ ಕಣ್ಣಿಟ್ಟು ಮಾತನಾಡದ ಹುಡುಗನನ್ನು ಸಂದರ್ಶನದಲ್ಲಿ ಕಳ್ಳನಂತೆ ನೋಡುವ, ನಗುನಗುತ್ತ ಕೈಕುಲುಕಿದವನಿಗೆ ಮರುದಿನವೇ ನೇಮಕಪತ್ರ ಕೊಡುವ ಪದ್ಧತಿ ಇವೆರಡನ್ನೂ ಕಲಸಿಬಿಟ್ಟಿದೆ. ಬೆಣ್ಣೆ ಮಾತು ಬಾರದವರೆಲ್ಲ ಒರಟರಲ್ಲ. ಶಿವರಾಮ ಕಾರಂತರ ನಿಷ್ಠುರ ಮಾತಿನಿಂದ ಮುಖ ಸಣ್ಣದು ಮಾಡಿಕೊಂಡವರು ಎಷ್ಟೋ ಮಂದಿ. ತುರ್ತುಪರಿಸ್ಥಿತಿಯ ಕಾಲದಲ್ಲಿ ಪದ್ಮಭೂಷಣವನ್ನು ವಾಪಸು ಮಾಡಿದವರೂ ಅವರೇ. ಆಗ ನಯವಾಗಿ ಮಾತನಾಡುತ್ತಿದ್ದ ಹಲವರು ಸುಮ್ಮನಿದ್ದರು.

ಹಳಬರಿಗೆ ಈ ವಿಷಯ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನೇ ನೋಡಬಹುದು. ಅದರ ಮುಂದೆ ಮೆಕಿಯಾವೆಲ್ಲಿಯ ಪುಸ್ತಕ ಏನೂ ಅಲ್ಲ ಎಂದವನು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್. ಕುಟಿಲ ಬುದ್ಧಿಗೆ ಹೆಸರಾದ ಈ ಗ್ರಂಥ ಮಂತ್ರಿಗಳನ್ನು ಆರಿಸುವಾಗ ಮಾತನ್ನು ನಂಬುವುದಿಲ್ಲ. ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಆಮಿಷಗಳನ್ನು ಒಡ್ಡಿ ಪರೀಕ್ಷಿಸು ಎನ್ನುತ್ತದೆ. ಒಬ್ಬ ಗೂಢಚಾರ ಹೇಳಿದ್ದು ಸಾಲದು, ಮೂವರ ವರದಿ ಹೊಂದಿದರೆ ಮಾತ್ರ ನಂಬು ಎನ್ನುತ್ತದೆ. ಖಜಾನೆಯ ಹಣ ನುಂಗುವ 40 ದಾರಿಗಳನ್ನು ಹೆಸರಿಸಿ ಲೆಕ್ಕಪುಸ್ತಕ ತಪಾಸಣೆಗೆ ಕ್ರಮ ಹೇಳುತ್ತದೆ. ಮನುಷ್ಯರನ್ನು ಅರೆದು ಕುಡಿದ ಕೌಟಿಲ್ಯನೇ ತನ್ನ ಗ್ರಹಿಕೆಯನ್ನು ನೆಚ್ಚದೆ ಲೆಕ್ಕವನ್ನು ನೆಚ್ಚಿದ.

ಇವತ್ತಿನ ‘ಡಿಜಿಟಲ್ ಅರೆಸ್ಟ್’ ವಂಚನೆ ಹಳೆಯ ಸೂತ್ರವನ್ನು ಇನ್ನಷ್ಟು ಬಿಗಿಗೊಳಿಸಿದೆ. ಪರಿಚಯಕ್ಕೆ ಕಾಲವೇ ಇಲ್ಲ. ವಿಡಿಯೊ ಕರೆಯಲ್ಲಿ ಪೊಲೀಸ್ ಸಮವಸ್ತ್ರ, ಹಿಂದೆ ಸರ್ಕಾರಿ ಲಾಂಛನ, ನಿಮ್ಮ ಆಧಾರ್ ನಂಬರಿನಲ್ಲಿ ಅಪರಾಧ ನಡೆದಿದೆ ಎಂಬ ಗದರಿಕೆ, ಫೋನ್ ಇಡಬೇಡಿ, ಯಾರಿಗೂ ಹೇಳಬೇಡಿ ಎಂಬ ಆಜ್ಞೆ. ಇಲ್ಲಿ ಕಡ ತಂದದ್ದು ಖಾಕಿಯ ಮೇಲಿನ ಭಯವನ್ನು. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಮೋದಿ ಇದರ ಬಗ್ಗೆ ಎಚ್ಚರಿಸುತ್ತ ಕೇಳಿಸಿದ್ದು ವಿಜಯಪುರದ ಒಬ್ಬರಿಗೆ ಬಂದ ಇಂಥ ಕರೆಯನ್ನು. ವಂಚಕನ ಮಾತಿನಲ್ಲಿ ಅಂಥ ಚಾಕಚಕ್ಯತೆಯೇನೂ ಇರಲಿಲ್ಲ. ಸಮವಸ್ತ್ರ ತೆಗೆದುಬಿಟ್ಟರೆ ಅದೊಂದು ಸಾಧಾರಣ ದರ್ಪದ ದನಿ. ಪ್ರಧಾನಿ ಕೊಟ್ಟ ಸಲಹೆಯ ಮೊದಲ ಪದವೇ ‘ನಿಲ್ಲಿ’ ಎಂಬುದು. ಏಳನೆಯ ಭೇಟಿಯ ತನಕ ಬಾಳದ ಮೋಡಿಗೆ ಹತ್ತು ನಿಮಿಷ ಕಾಯಿಸುವುದೇ ತಕ್ಕ ಮದ್ದು.

ಹೀಗಿರುವಾಗ ಮಾರುಕಟ್ಟೆ ಎತ್ತ ಹೋಗುತ್ತಿದೆ ನೋಡಿ. ವಿಜಯವಾಡವಾಗಲಿ ಧಾರವಾಡವಾಗಲಿ, ಕೋಚಿಂಗ್ ಕೇಂದ್ರಗಳಿರುವ ಬೀದಿಯಲ್ಲೇ ವ್ಯಕ್ತಿತ್ವ ವಿಕಸನ, ಸಾಫ್ಟ್ ಸ್ಕಿಲ್ಸ್ ಎಂಬ ಫಲಕಗಳು. ಕಲಿಸುವುದು ಹಸ್ತಲಾಘವ, ನಗು, ಟೈ ಕಟ್ಟುವ ಬಗೆ, ನಿಮ್ಮ ದೌರ್ಬಲ್ಯ ಏನು ಎಂದರೆ ‘ಅತಿಯಾಗಿ ದುಡಿಯುವುದು’ ಎಂದು ಹೇಳುವ ಉಪಾಯ. ಜರ್ಮನಿಯ ಅಧ್ಯಯನದಲ್ಲಿ ಆತ್ಮರತಿಗಳಲ್ಲಿ ಕಂಡ ಲಕ್ಷಣಗಳನ್ನೇ ಫೀಸು ಪಡೆದು ಕಲಿಸುತ್ತಿರುವಂತಿದೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಹೆಸರಿಸಿದ ಹತ್ತು ಜೀವನಕೌಶಲಗಳಲ್ಲಿ ಸಂವಹನ ಒಂದು ಮಾತ್ರ. ಇನ್ನೊಬ್ಬರ ಸ್ಥಾನದಲ್ಲಿ ನಿಂತು ಅರಿಯುವುದು, ವಿಮರ್ಶಾತ್ಮಕ ಚಿಂತನೆ, ತನ್ನನ್ನು ತಾನು ತಿಳಿಯುವುದು ಅದೇ ಪಟ್ಟಿಯಲ್ಲಿವೆ. ಬೆಂಗಳೂರಿನ ನಿಮ್ಹಾನ್ಸ್ ಇವನ್ನು ಶಾಲೆಗಳಲ್ಲಿ ಕಲಿಸಲು ಶಿಕ್ಷಕರಿಗೆ ಕೈಪಿಡಿಗಳನ್ನು ರೂಪಿಸಿದೆ. ಮಾರುಕಟ್ಟೆ ಹತ್ತರಲ್ಲಿ ಒಂದನ್ನು ಎತ್ತಿಕೊಂಡು ಒಂಬತ್ತನ್ನು ಬಿಟ್ಟಿತು. ಶಾಲೆಗಳೂ ಹಾಗೆ ಮಾಡಬಾರದು.

ಕಂಪನಿಗಳು ಮಾಡಬೇಕಾದ್ದು ಇನ್ನೂ ಸರಳ. ಅರ್ಧ ಗಂಟೆಯ ಸಂದರ್ಶನಕ್ಕೆ ಕೊಡುವ ತೂಕ ಇಳಿಸಿ, ಹಿಂದೆ ಇವರ ಕೈಕೆಳಗೆ ದುಡಿದವರನ್ನು ಕೇಳಬೇಕು. ಮೇಲಧಿಕಾರಿಯ ಅಭಿಪ್ರಾಯ ಎಲ್ಲರೂ ಕೇಳುತ್ತಾರೆ. ಆದರೆ ಇಂಥವರ ಪ್ರದರ್ಶನ ನಡೆಯುವುದೇ ಮೇಲಿನವರ ಮುಂದೆ. ಕೆಳಗಿನವರು ಏಳನೆಯ ಭೇಟಿಯನ್ನು ದಾಟಿದವರು. ಗುಮಾಸ್ತ, ಚಾಲಕ, ತಂಡದ ಕಿರಿಯ ನೌಕರ ಹೇಳುವ ಮಾತಿಗೆ ಅಂಕವಿಲ್ಲದ ನೇಮಕ ಪದ್ಧತಿ ಅರ್ಧ ಕುರುಡು.

ಸರ್ಕಾರದ ಪಾಲಿನ ಕೆಲಸವೂ ಇದೆ. 2019ರಲ್ಲಿ ಬಂದ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ, ಅಂಥ ಠೇವಣಿ ಸಂಗ್ರಹಿಸುವುದನ್ನೂ ಅದರ ಪ್ರಚಾರವನ್ನೂ ಶಿಕ್ಷಾರ್ಹಗೊಳಿಸಿದೆ. ಯಾರು ಅಧಿಕೃತವಾಗಿ ಠೇವಣಿ ಪಡೆಯಬಹುದು ಎಂದು ತಿಳಿಯಲು, ದೂರು ಕೊಡಲು ರಿಸರ್ವ್ ಬ್ಯಾಂಕ್ ‘ಸಚೇತ್’ ಎಂಬ ಜಾಲತಾಣ ನಡೆಸುತ್ತಿದೆ. ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಇದರ ಹೆಸರು ಕನ್ನಡದಲ್ಲಿ ಬರೆಸಲು ದೊಡ್ಡ ಖರ್ಚಿಲ್ಲ. ಏಜೆಂಟನಿಗೆ ಎಷ್ಟು ಕಮಿಷನ್ ಸಿಗುತ್ತದೆ ಎಂಬುದನ್ನು ರಸೀದಿಯ ಮೇಲೇ ಅಚ್ಚು ಹಾಕುವ ನಿಯಮ ತಂದರೆ ಸೋದರಮಾವನ ಸಲಹೆಗೂ ಮಾರಾಟಗಾರನ ಸಲಹೆಗೂ ಇರುವ ವ್ಯತ್ಯಾಸ ಕಟ್ಟುವವರ ಕಣ್ಣಿಗೆ ಬಿದ್ದೀತು. ಕಾಣೆಯಾದವರ ಮತ್ತು ಅಪರಿಚಿತ ಶವಗಳ ದಾಖಲೆಯನ್ನು ಜಿಲ್ಲೆಯಿಂದ ಜಿಲ್ಲೆಗೆ ತಾಳೆ ನೋಡುವುದು ಪ್ರತಿ ತಿಂಗಳ ಕೆಲಸವಾಗಬೇಕು. ಸೈನೈಡ್ ಪ್ರಕರಣ ಕಲಿಸಿದ ಪಾಠ ಅದು.

ಓದುಗರು ಮಾಡಬಹುದಾದದ್ದು ಇಷ್ಟು. ಯೋಜನೆಯೊಂದನ್ನು ಹಿಡಿದು ಯಾರೇ ಬರಲಿ, ಎಷ್ಟೇ ಹತ್ತಿರದವರಿರಲಿ, ಕಾಗದಪತ್ರ ಇಲ್ಲಿಟ್ಟು ಹೋಗಿ, ಹದಿನೈದು ದಿನ ಬಿಟ್ಟು ಹೇಳುತ್ತೇವೆ ಎನ್ನಿ. ಈ ಮಾತಿಗೆ ಸಾಚಾ ಮನುಷ್ಯ ಸಿಟ್ಟಾಗುವುದಿಲ್ಲ. ಫೋನಿನಲ್ಲಿ ಯಾರಾದರೂ ಅವಸರ ಮಾಡಿದರೆ ಫೋನ್ ಇಟ್ಟು ಮನೆಯವರಿಗೆ ಹೇಳಿ. ಹಣ ಹೋಗಿಯೇಬಿಟ್ಟಿದ್ದರೆ ನಾಚಿಕೆಪಟ್ಟು ಕೂರಬೇಡಿ, ತಡ ಮಾಡದೆ ರಾಷ್ಟ್ರೀಯ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.